ಹನ್ನೊಂದನೇ ನಂಬರು

ಓರೆಸ್ಟ್ ಹಾಲಿಕ್ ಒಂದು ಹೊರೆ ಕಾಗದ ಹಿಡಿದುಕೊಂಡು ನಮ್ಮ ಕರ್ಲಿಂಗ್ ಕ್ಲಬ್ಬಿಗೆ ಬಂದ ದಿನ ನಾನು ಅಡಿಗೆಮನೆಯಲ್ಲಿ ಪೆರೋಗಿ ಕಡುಬು ಬೇಯಿಸುತ್ತಿದ್ದೆ. ಹತ್ತು ಜನಕ್ಕೆ ಹತ್ತು ಕಟ್ಟು, ಒಂದೊಂದೂ ಒಂಬತ್ತು ಪುಟ.

"ಥೆಲ್ಮಾ, ಇದಕ್ಕೊಂದು ಸಹಿ ಹಾಕು" ಅಂದ.

"ನನ್ನ ಮದುವೆಗೇ ಇಷ್ಟು ಕಾಗದ ಇರ್ಲಿಲ್ಲ ಕಣೋ. ಏನಿದು?"

"ಒಪ್ಪಿಗೆ ಪತ್ರ. ನಿಮ್ಮನ್ನೆಲ್ಲ ಅಧ್ಯಯನ ಮಾಡ್ಬೇಕು."

"ನಲವತ್ತು ವರ್ಷದಿಂದ ನೋಡ್ತಾನೇ ಇದ್ದೀಯಲ್ಲ, ಇನ್ನೇನು ಬಾಕಿ ಇದೆ?"

ಅವನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಮ್ಯಾನಿಟೋಬ ಪ್ರಾಂತ್ಯದ ನಮ್ಮ ಬೆಲ್ವಿಕ್ ಊರಿನ ಸಹಕಾರಿ ಅಂಗಡಿಗೆ ಅವನೇ ಮ್ಯಾನೇಜರ್. ಮೊಳೆಯಿಂದ ಹಿಡಿದು ದನದ ಮೇವಿನವರೆಗೆ ಏನು ಬೇಕಾದರೂ ಅವನ ಹತ್ತಿರ ಸಿಗುತ್ತದೆ. ಐವತ್ತೊಂದನೇ ವಯಸ್ಸಿನಲ್ಲಿ, ಬೇರೆ ಗಂಡಸರು ಮೀನು ಹಿಡಿಯುವ ದೋಣಿ ಕೊಳ್ಳುವ ಕಾಲಕ್ಕೆ, ಈ ಮಹಾಶಯ ವ್ಯವಹಾರ ಆಡಳಿತದಲ್ಲಿ ಡಾಕ್ಟರೇಟ್ ಮಾಡುತ್ತೇನೆಂದು ಹೊರಟ. ತಿಂಗಳಿಗೊಂದು ಶನಿವಾರ, ಭಾನುವಾರ ಮೂರು ಗಂಟೆ ಗಾಡಿ ಓಡಿಸಿಕೊಂಡು ವಿನ್ನಿಪೆಗ್‌ಗೆ ಹೋಗಿ ಪಾಠ ಕೇಳಿ ಬರುತ್ತಿದ್ದ. ಉಳಿದದ್ದು ಮನೆಯಲ್ಲೇ ಕಂಪ್ಯೂಟರಿನ ಮುಂದೆ. ಆರು ವರ್ಷ ಹೀಗೇ ನಡೆಯಿತು.

ನಮ್ಮೂರಿನ ಆಸ್ಪತ್ರೆ ಮುಚ್ಚಿ ಹನ್ನೊಂದು ವರ್ಷವಾಗಿದೆ. ಹಾಗಾಗಿ ಓರೆಸ್ಟ್ ಡಾಕ್ಟರಾಗುತ್ತಾನೆಂಬ ಸುದ್ದಿ ಊರಿಗೇ ಸಂಭ್ರಮ. ಕ್ಲಬ್ಬಿನಲ್ಲಿ ಆಟದ ಮಂಜುಗಡ್ಡೆ ನೋಡಿಕೊಳ್ಳುವ ನೆಸ್ಟರಜ್ಜನಿಗೆ ಎಂಬತ್ತಮೂರು. ಅವನು ಮೊದಲ ದಿನವೇ ಪ್ಯಾಂಟು ಮೇಲೆತ್ತಿ ನಿಂತ.

"ಈ ಮಂಡಿ ನೋಡೋ."

"ಅಜ್ಜ, ನಾನು ಆಗೋದು ವ್ಯವಹಾರದ ಡಾಕ್ಟ್ರು."

"ಸರಿ ಬಿಡು, ಮಂಡಿ ಮಾರಾಟಕ್ಕಿದೆ. ಎಷ್ಟಕ್ಕೆ ತಗೊಳ್ತೀಯ?"

ನಗುವುದು ಸುಲಭ. ಆದರೆ ಸಂಶೋಧನಾ ವಿಧಾನ ಎನ್ನುವ ಒಂದು ಪಾಠದಲ್ಲಿ ಓರೆಸ್ಟ್ ಎರಡು ಸಲ ಫೇಲಾಗಿದ್ದ. ಒಮ್ಮೆ ಅಂಗಡಿಯ ಗಿರಾಕಿಗಳಿಗೆ ಪ್ರಶ್ನೆಪತ್ರ ಹಂಚಿ, ಅವರು ಬರೆಯುವಾಗ ಪಕ್ಕದಲ್ಲೇ ನಿಂತುಕೊಂಡಿದ್ದ. ನಾನೂರು ಜನವೂ "ಬಹಳ ಚೆನ್ನಾಗಿದೆ" ಎಂದೇ ಬರೆದಿದ್ದರು. ಇನ್ನೊಮ್ಮೆ ಪಕ್ಕದಲ್ಲಿ ನಿಲ್ಲಲಿಲ್ಲ, ಒಬ್ಬರೂ ಬರೆಯಲಿಲ್ಲ. ಈಗ ನಮ್ಮನ್ನು ಹಿಡಿದದ್ದು ಮೂರನೇ ಸಲ, ಇದರಲ್ಲೂ ಫೇಲಾದರೆ ಕಾಲೇಜಿನವರು ಹೆಸರನ್ನೇ ಹೊಡೆದುಹಾಕುತ್ತಾರೆ. ಆರು ವರ್ಷ ನೀರಿನಲ್ಲಿ ಹೋಮ.

"ಈ ವಯಸ್ಸಲ್ಲಿ ಯಾಕೋ ನಿನಗೆ ಈ ಪೀಕಲಾಟ?" ಎಂದು ಕೇಳಿದೆ.

ಅವನು ತಮಾಷೆ ಮಾಡಲಿಲ್ಲ. "ಅಂಗಡೀಲಿ ದಿನಾ ನೂರು ಜನಕ್ಕೆ ನೂರು ವಿಷಯ ಹೇಳ್ತೀನಿ ಥೆಲ್ಮಾ. ಎಲ್ಲಾ ಇನ್ಯಾರೋ ಹೇಳಿದ್ದು. ಸಾಯೋದ್ರೊಳಗೆ ಒಂದಾದ್ರೂ ನಾನೇ ಕೊನೇತನಕ ಹೋಗಿ ನೋಡಿ ತಿಳ್ಕೊಂಡಿದ್ದು ಅಂತ ಇರ್ಬೇಕು."

ಹಿಟ್ಟಿನ ಕೈಯಲ್ಲೇ ಸಹಿ ಹಾಕಿದೆ.

ಅವನು ಹಿಡಿದ ವಿಷಯ ಇದು: ಕಾವಲುಗಾರ ಇಲ್ಲದ ಕಡೆ ನಂಬಿಕೆ ಹೇಗೆ ನಿಲ್ಲುತ್ತದೆ? ನಮ್ಮ ಕರ್ಲಿಂಗ್ ಆಟದಲ್ಲಿ ತೀರ್ಪುಗಾರನಿಲ್ಲ. ಒಬ್ಬರು ಹಿಡಿಕೆಯ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸುತ್ತಾರೆ. ಇಬ್ಬರು ಅದು ಚೆನ್ನಾಗಿ ಜಾರಲೆಂದು ಅದರ ಮುಂದೆ ಪೊರಕೆಯಲ್ಲಿ ಉಜ್ಜುತ್ತ ಓಡುತ್ತಾರೆ. ಆಚೆ ತುದಿಯ ವೃತ್ತದ ನಡುವಿಗೆ ಯಾರ ಕಲ್ಲು ಹತ್ತಿರವೋ ಅವರದು ಗೆಲುವು. ಓಡುವ ಕಲ್ಲಿಗೆ ಪೊರಕೆಯೋ ಕಾಲೋ ತಗುಲಿದರೆ ಆ ಕಲ್ಲು ಕೆಟ್ಟಿತು, ತೆಗೆದಿಡಬೇಕು. ತಗುಲಿಸಿದವನೇ ಕೈಯೆತ್ತಿ ಹೇಳಬೇಕು. ನೋಡಿದವರು ಹೇಳಬಾರದು. ಅದು ಅವನನ್ನು ಕಳ್ಳ ಎಂದ ಹಾಗೆ. ಆಟ ಮುಗಿದ ಮೇಲೆ ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸಬೇಕು. ನನ್ನಜ್ಜಿಯ ಕಾಲದಿಂದಲೂ ಇಷ್ಟೇ.

ಕಾಲೇಜಿನ ನೀತಿ ಸಮಿತಿಯ ಕಟ್ಟಪ್ಪಣೆ ಏನೆಂದರೆ, ಯಾರ ಹೆಸರೂ ಹೊರಗೆ ಬರಬಾರದು, ಎಲ್ಲರಿಗೂ ನಂಬರು ಕೊಡಬೇಕು. ಆರುನೂರು ಜನರ ಊರಲ್ಲಿ ಗುಟ್ಟು! ಒಂದನೇ ನಂಬರು ನನಗೇ ಬೇಕೆಂದು ನಾಲ್ಕು ಜನ ಜಗಳಕ್ಕೆ ನಿಂತರು. ಕೊನೆಗೆ ಚೀಟಿ ಎತ್ತಿದೆವು. ನನಗೆ ಮೂರು, ಗ್ಯಾರೇಜಿನ ಡಾರ್ಸಿಗೆ ಐದು, ಓರೆಸ್ಟನ ಹೆಂಡತಿ ರೊಸಾಲಿಗೆ ಏಳು, ನೆಸ್ಟರಜ್ಜನಿಗೆ ಒಂದು. ಅಜ್ಜ ಆ ಚೀಟಿಯನ್ನು ಟೋಪಿಗೆ ಸಿಕ್ಕಿಸಿಕೊಂಡು ಊರೆಲ್ಲ ಓಡಾಡಿದ.

ನವೆಂಬರಿನಿಂದ ಓರೆಸ್ಟನ ಬಾಯಲ್ಲಿ ಹೆಸರುಗಳೇ ನಿಂತುಹೋದವು. ಅಂಗಡಿಯಲ್ಲೂ "ಮೂರನೇ ನಂಬರು, ನಿನ್ನ ಮೈದಾ ಬಂದಿದೆ" ಎನ್ನುತ್ತಿದ್ದ. ನಾವೇನು ಕಮ್ಮಿಯೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು. ಊರಿನ ವಾರಪತ್ರಿಕೆಯಲ್ಲಿ ಆಟದ ಫಲಿತಾಂಶ ನಂಬರುಗಳಲ್ಲೇ ಅಚ್ಚಾಯಿತು. ಪರವೂರಿನಿಂದ ಡಾರ್ಸಿಯ ಅಕ್ಕ ಫೋನು ಮಾಡಿ "ಡಾರ್ಸಿ ಇದ್ದಾನಾ?" ಎಂದರೆ, ಅದನ್ನೆತ್ತಿದ ಡಾರ್ಸಿಯೇ "ಡಾರ್ಸಿ ಯಾರು ಅಂತ ಹೇಳೋ ಹಾಗಿಲ್ಲ, ಸಹಿ ಹಾಕಿದ್ದೀನಿ" ಎಂದು ಇಟ್ಟುಬಿಟ್ಟ. ಮನೆಯಲ್ಲಿ ಓರೆಸ್ಟ್ "ಇವತ್ತು ಕ್ಲಬ್ಬಲ್ಲಿ ಏನಾಯ್ತು?" ಎಂದರೆ ಸಾಕು, ರೊಸಾಲಿ ಸೌಟು ಕೆಳಗಿಟ್ಟು ಕೇಳುತ್ತಿದ್ದಳಂತೆ: "ಇದು ಸಂಶೋಧನೆಗೋ, ಸಂಸಾರಕ್ಕೋ? ಸಂಶೋಧನೆಗಾದ್ರೆ ಎರಡು ದಿನ ಮುಂಚೆ ತಿಳಿಸ್ಬೇಕು, ನಾಲ್ಕನೇ ಪುಟದಲ್ಲಿದೆ."

ಫೆಬ್ರವರಿಯಲ್ಲಿ ಅವನ ಪ್ರೊಫೆಸರ್ ಲಿಂಡ್‌ಕ್ವಿಸ್ಟ್ ಕರಡು ಓದಿ ಪತ್ರ ಬರೆದರು. ಎಲ್ಲರೂ ಸತ್ಯವಂತರೇ ಆದರೆ ಇದು ನಂಬಿಕೆಯೋ ಅದೃಷ್ಟವೋ ತಿಳಿಯುವುದು ಹೇಗೆ? ಮುಟ್ಟಿಯೂ ಸುಮ್ಮನಿದ್ದ ಒಬ್ಬರನ್ನಾದರೂ ಹುಡುಕಿ, ಇಲ್ಲವೇ ಹುಡುಕಿಯೂ ಸಿಗಲಿಲ್ಲವೆಂದು ತೋರಿಸಿ. ಪತ್ರದಲ್ಲಿದ್ದದ್ದು ಇಷ್ಟು. ನನಗೂ ತೋರಿಸಿದ. ಓರೆಸ್ಟನ ತಲೆಗೆ ಹತ್ತಿದ್ದು ಮೊದಲ ಅರ್ಧ ಮಾತ್ರ.

"ಒಬ್ಬ ಕಳ್ಳ ಸಿಗ್ದಿದ್ರೆ ನಾನು ಕೆಟ್ಟೆ" ಎಂದು ಪೊರಕೆಯ ಮೇಲೆ ಗಲ್ಲ ಊರಿಕೊಂಡು ಕೂತ. ನೋಡಲಾಗಲಿಲ್ಲ. ಊರವರು ಸೇರಿ ತೀರ್ಮಾನಿಸಿದೆವು: ಪಾಪ, ಓರೆಸ್ಟನಿಗಾಗಿ ಯಾರಾದರೂ ಒಂದು ಮೋಸ ಮಾಡಬೇಕು.

ಅಯ್ಯೋ, ಆ ಎರಡು ವಾರದ ಆಟವೇ! ಡಾರ್ಸಿ ಬೇಕೆಂತಲೇ ಕಾಲು ತಗುಲಿಸಿದ. ತಗುಲಿದ್ದೇ ತಡ ಕೈ ಮೇಲೆ ಹೋಯಿತು. "ಇಳಿಸೋ ಕೈ, ದಡ್ಡ!" ಎಂದು ಎದುರಾಳಿಗಳೇ ಕೂಗಿದರು. "ನಾನೆಲ್ಲಿ ಎತ್ತಿದೆ, ಅದೇ ಹೋಯ್ತು!" ಎಂದ. ನೆಸ್ಟರಜ್ಜ ಆಟಕ್ಕೆ ಮುಂಚೆಯೇ "ನೋಡ್ರಪ್ಪಾ, ನಾಲ್ಕನೇ ಕಲ್ಲು ನಾನು ಮುಟ್ತೀನಿ, ಆದ್ರೆ ಯಾರಿಗೂ ಹೇಳಲ್ಲ" ಎಂದು ಸಾರಿದ. ಎಲ್ಲರಿಗಿಂತ ಹೆಚ್ಚು ತಡೆದುಕೊಂಡವಳು ರೊಸಾಲಿ, ಪೂರಾ ಒಂದು ಗಂಟೆ. ಆಮೇಲೆ ಅಡಿಗೆಮನೆಗೆ ಬಂದು, ನನ್ನ ಬೀಟ್‌ರೂಟ್ ಸೂಪಿನ ಪಾತ್ರೆಯ ಮುಂದೆ ನಿಂತು ಗೊಳೋ ಎಂದಳು. "ಮುಟ್ದೆ ಕಣೇ ಥೆಲ್ಮಾ, ನಾನು ಮುಟ್ಬಿಟ್ಟೆ!" ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಳ್ಳಲ್ಲ.

ಮಾರ್ಚಿನಲ್ಲಿ ಋತುವಿನ ಕೊನೆಯ ಪಂದ್ಯ. ರೊಸಾಲಿ ನಮ್ಮ ನಾಯಕಿ, ಓರೆಸ್ಟನೂ ನಮ್ಮ ತಂಡದಲ್ಲೇ ಆಡುವವನು, ಎದುರಿಗೆ ನೆಸ್ಟರಜ್ಜನ ತಂಡ. ಅಂಕ ಸಮ, ಉಳಿದದ್ದು ರೊಸಾಲಿಯ ಒಂದೇ ಕಲ್ಲು. ವೃತ್ತದಲ್ಲಿ ಅಜ್ಜನ ಕಲ್ಲು ಕೂತಿತ್ತು. ನಾನು ಆಚೆ ತುದಿಯಲ್ಲಿ ಗುರಿ ತೋರಿಸುತ್ತ ನಿಂತಿದ್ದೆ, ಅಜ್ಜ ನನ್ನ ಹಿಂದೆ. ಓರೆಸ್ಟ್ ಮತ್ತು ಡಾರ್ಸಿ ಉಜ್ಜುತ್ತ ಓಡಿ ಬಂದರು. ವೃತ್ತಕ್ಕೆ ಎರಡು ಮಾರು ಇರುವಾಗ ಓರೆಸ್ಟನ ಪೊರಕೆ ಕಲ್ಲಿಗೆ ತಗುಲಿತು. ತಲೆ ತಗ್ಗಿಸಿ ಓಡುತ್ತಿದ್ದ ಡಾರ್ಸಿಗೆ ಅದು ಕಾಣಲಿಲ್ಲ. ನನಗೆ ಕಂಡಿತು. ಕಲ್ಲು ಸಣ್ಣಗೆ ಓರೆಯಾಗಿ ನಟ್ಟನಡುವೆ ಬಂದು ನಿಂತಿತು. ಓರೆಸ್ಟನ ಕೈ ಎದೆಯವರೆಗೆ ಎದ್ದಿತು. ಅಲ್ಲಿಂದ ಟೋಪಿ ಸರಿಮಾಡಿಕೊಂಡು ಕೆಳಗಿಳಿಯಿತು.

ಒಂದು ಅಂಕದಿಂದ ಗೆದ್ದೆವು. "ಒಳ್ಳೆ ಕಲ್ಲು ಕಣೋ" ಎಂದು ಅಜ್ಜ ಅವನ ಕೈ ಕುಲುಕಿದ. ಗೆದ್ದ ಲೆಕ್ಕದಲ್ಲಿ ಓರೆಸ್ಟ್ ಅಜ್ಜನಿಗೆ ರೈ ವಿಸ್ಕಿ ಕೊಡಿಸಿದ. ನನ್ನ ಮುಖ ಮಾತ್ರ ನೋಡಲಿಲ್ಲ. ಮೂರು ವಾರ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಸಿಟ್ಟು ಬಂದು ಎರಡು ಸಲ ಪೆರೋಗಿ ಸೀಯಿಸಿದೆ.

ಏಪ್ರಿಲಿನ ಒಂದು ಭಾನುವಾರ ಮಧ್ಯಾಹ್ನ ಅವನ ಪರೀಕ್ಷೆ. ಮನೆಯ ಇಂಟರ್ನೆಟ್ ಕುಂಟುತ್ತದೆಂದು ಕ್ಲಬ್ಬಿನ ದೊಡ್ಡ ಪರದೆಯಲ್ಲೇ ಏರ್ಪಾಡು. ನಾವು ಹತ್ತೂ ಜನ ತಲೆ ಬಾಚಿಕೊಂಡು ಸಾಲಾಗಿ ಕೂತೆವು. ಓರೆಸ್ಟ್ ಮಗಳ ಮದುವೆಯ ಕೋಟು ಹಾಕಿದ್ದ. ಪರದೆಯ ಮೇಲೆ ಪ್ರೊಫೆಸರಮ್ಮನ ಮುಖ ಬಾಗಿಲಿನಷ್ಟು ದೊಡ್ಡದಾಗಿ ಕಂಡಿತು.

ಚೆನ್ನಾಗಿಯೇ ಮಾತಾಡಿದ. ಕೊನೆಗೆ ಕಾಗದ ನೋಡಿಕೊಂಡು ಓದಿದ: "ಹನ್ನೊಂದನೇ ನಂಬರಿನವರು ಕೊನೆಯ ಪಂದ್ಯದಲ್ಲಿ ಕಲ್ಲು ಮುಟ್ಟಿದರು. ಹೇಳಲಿಲ್ಲ."

"ಭೇಷ್! ನಾನು ಕೇಳಿದ್ದೇ ಇದು" ಎಂದು ಪ್ರೊಫೆಸರಮ್ಮ ಮುಂದಕ್ಕೆ ಬಾಗಿದರು. "ಈ ಒಂದು ಉದಾಹರಣೆ ನಿಮ್ಮ ಕೆಲಸವನ್ನೇ ಎತ್ತಿ ಹಿಡಿದಿದೆ. ಪಾಸು ಮಾಡೋಕೆ ನನಗೇನೂ ಅಡ್ಡಿಯಿಲ್ಲ. ಅಂದಹಾಗೆ, ನನ್ನ ಹತ್ರ ಹತ್ತೇ ಒಪ್ಪಿಗೆ ಪತ್ರ ಇದೆ. ಹನ್ನೊಂದನೆಯವರದ್ದು ಎಲ್ಲಿ?"

ಸಾಲಿನಲ್ಲಿ ಎಲ್ಲರೂ ಬೆರಳು ಮಡಚಿ ಎಣಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಡಾರ್ಸಿ "ನಾನಲ್ಲಪ್ಪ" ಎಂದ. ಓರೆಸ್ಟ್ ಕಿವಿಯವರೆಗೆ ಕೆಂಪಾದ.

ಆಗ ನೆಸ್ಟರಜ್ಜ ಮಂಡಿ ಹಿಡಿದುಕೊಂಡು ಎದ್ದ. "ಹನ್ನೊಂದು ನಾನೇ ಅಮ್ಮಾ. ಕಾಗದ ಕಳ್ದೋಯ್ತು."

"ನೀವು ಒಂದನೇ ನಂಬರು, ಟೋಪೀಲೇ ಇದೆಯಲ್ಲ" ಎಂದರು ಪ್ರೊಫೆಸರಮ್ಮ.

"ಒಂದರ ಪಕ್ಕ ಇನ್ನೊಂದು ಒಂದು ಬರೆದ್ರೆ ಹನ್ನೊಂದೇ."

ಡಾರ್ಸಿಯೂ ಎದ್ದ. "ಅವ್ರಲ್ಲ, ನಾನೇ." ರೊಸಾಲಿ "ಸುಳ್ಳು, ನಾನು" ಎಂದಳು. ಎರಡು ವಾರ ತಲೆಕೆಳಗಾಗಿ ನಿಂತರೂ ಒಂದು ಸುಳ್ಳು ಹೇಳಲಾಗದ ಜನ, ಈಗ ಒಬ್ಬರ ಮೇಲೊಬ್ಬರು ಬಿದ್ದು ಸುಳ್ಳು ಹೇಳಿದರು. ನಾನೂ ಎದ್ದೆ. ನಿಜ ಹೇಳಬೇಕೆಂದರೆ, ನನಗೆ ಅಳು ಬಂದಿತ್ತು.

ಓರೆಸ್ಟ್ ನಮ್ಮ ಕಡೆ ತಿರುಗಿ ಒಬ್ಬೊಬ್ಬರನ್ನೂ ನೋಡಿದ. ಆಮೇಲೆ ಕೈಯೆತ್ತಿದ. ಈ ಸಲ ಪೂರ್ತಿ ತಲೆಯ ಮೇಲಕ್ಕೆ, ಆಟದಲ್ಲಿ ಎತ್ತುವ ಹಾಗೆ.

"ನಾನು ಮುಟ್ಟಿದೆ" ಎಂದ. "ಮುಟ್ಟಿದ್ದು ಬೇಕಂತಲ್ಲ. ಸುಮ್ಮನಿದ್ದದ್ದು ಬೇಕಂತ್ಲೇ."

ಪ್ರೊಫೆಸರಮ್ಮ ಕನ್ನಡಕ ತೆಗೆದರು. ತಾನೇ ಮಾಡಿದ್ದನ್ನು ಬೇರೆಯವರದೆಂದು ಬರೆದುಕೊಟ್ಟ ಕೆಲಸವನ್ನು ತಾವು ಪಾಸು ಮಾಡುವ ಹಾಗಿಲ್ಲ ಎಂದರು. "ಹುಡುಕಿದೆ, ಸಿಗಲಿಲ್ಲ ಅಂತ ಬರೆದಿದ್ರೆ ಸಾಕಿತ್ತು ಓರೆಸ್ಟ್. ನಾನು ಬರೆದಿದ್ದೆನಲ್ಲ" ಎಂದರು. ಅವರ ದನಿಯೂ ಸಣ್ಣದಾಗಿತ್ತು. ಪರದೆ ಕಪ್ಪಾಯಿತು. ಆರು ವರ್ಷ ಅಲ್ಲಿಗೆ ಮುಗಿಯಿತು. ಓರೆಸ್ಟ್ ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಕೂತ. ರೊಸಾಲಿ ಪಕ್ಕಕ್ಕೆ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟಳು.

ನೆಸ್ಟರಜ್ಜ ಕುಂಟುತ್ತ ಹೋಗಿ ಒಂದು ಗ್ಲಾಸು ರೈ ತಂದು ಅವನ ಮುಂದಿಟ್ಟ.

"ಆ ಕಲ್ಲು ತೆಗೆದ್ರೆ ವೃತ್ತದಲ್ಲಿ ನನ್ನ ಕಲ್ಲು ಉಳೀತು. ಅಂದ್ರೆ ಗೆದ್ದದ್ದು ನಾವು. ಗೆದ್ದವರು ಕೊಡಿಸ್ಬೇಕು. ಕುಡಿ."

ಲೆಕ್ಕ ಇಷ್ಟು ಬೇಗ ಹೇಗೆ ಬಂತೆಂದು ನನಗೆ ತಟ್ಟನೆ ಹೊಳೆಯಿತು. ಆ ದಿನ ಅಜ್ಜ ನನ್ನ ಹಿಂದೆಯೇ ನಿಂತಿದ್ದ.

"ಅಜ್ಜ, ನೀವೂ ನೋಡಿದ್ರಾ?" ಎಂದೆ.

"ನೋಡಿದವರು ಹೇಳಬಾರದು ಕಣಮ್ಮ" ಎಂದು ಅಜ್ಜ ಟೋಪಿಯಿಂದ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡ. "ಇವನು ಹೇಳ್ತಾನೆ ಅಂತ ಗೊತ್ತಿತ್ತು. ಮೂರು ವಾರ ತಡ ಮಾಡಿದ, ಅಷ್ಟೆ."

ಓರೆಸ್ಟ್ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಂದು ಗುಟುಕು ಕುಡಿದ.

"ಥ್ಯಾಂಕ್ಸ್, ನೆಸ್ಟರಜ್ಜ" ಎಂದ. ನವೆಂಬರಿನಿಂದ ಅವನ ಬಾಯಲ್ಲಿ ನಮ್ಮಲ್ಲೊಬ್ಬರ ಹೆಸರು ಬಂದದ್ದು ಅದೇ ಮೊದಲು.