ಮೊಳೆ ಹೊಡೆಯಬಾರದ ಗೋಡೆ

ಅಕ್ಕನ ಕೋಣೆಗೆ ಆ ತಗಡು ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಯಾವ ವರ್ಷವೆಂದು ದಿನಚರಿಯಲ್ಲಿ ಬರೆದುಕೊಂಡಿಲ್ಲ. ಮೈಸೂರಿನಲ್ಲಿ ಕಾಲೇಜು ಮುಗಿಸಿ, ಮಳವಳ್ಳಿಯ ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದೆ ಎಂಬುದಷ್ಟೇ ಖಚಿತ.

ಅಕ್ಕ ಮೂರನೆಯ ಬಸಿರಿಗೆ ತವರಿಗೆ ಬಂದಿದ್ದಳು. ಮೊದಲೆರಡು ನಿಂತಿರಲಿಲ್ಲ. ಈ ಸಲವೂ ಕೂಸು ಉಳಿಯದಿದ್ದರೆ ಮಗನಿಗೆ ಬೇರೆ ಹೆಣ್ಣು ತರುತ್ತೇವೆಂದು ಕಿರುಗಾವಲಿನಿಂದ ಅವಳ ಅತ್ತೆ ಹೇಳಿಕಳಿಸಿದ್ದರು. ಮೇಲೇಳಬಾರದೆಂದು ಡಾಕ್ಟರು ಹೇಳಿದ್ದರಿಂದ ಹಗಲೆಲ್ಲ ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದಳು.

“ಈ ಬೋಳು ಗ್ವಾಡೆನೇ ನೋಡ್ತಾ ಬಿದ್ದಿದ್ರೆ ನಾನು ಗ್ವಾಡೆಯಂತಾ ಮಗೀನೇ ಎರ್ತೀನಿ ಕಣ್ಲಾ. ಏನಾದ್ರೂ ಚಿತ್ರ ತಗಲಾಕು” ಎಂದಳು.

ಸುತ್ತಿಗೆ, ಮೊಳೆ ತಂದೆ. ಅಜ್ಜಿ ಬಾಗಿಲಲ್ಲೇ ತಡೆದಳು. “ಬಸ್ರಿ ಇರೋ ಮನೇಲಿ ಗ್ವಾಡೆಗೆ ಮೊಳೆ ಒಡೀತೀಯೇನ್ಲಾ? ಓದಿ ಓದಿ ಬುದ್ಧಿ ಒಂಟೋಯ್ತಾ?”

ಸೀಮೆಎಣ್ಣೆಯ ಖಾಲಿ ಡಬ್ಬವೊಂದನ್ನು ಕತ್ತರಿಸಿ, ಊರಾಚೆಯ ಬಂಡೆಯ ಮೇಲೆ ತಟ್ಟಿ ಸಮ ಮಾಡಿದೆ. ಕೈ ಕುಯ್ಯದಂತೆ ಅಂಚು ಮಡಿಸಿ, ಎರಡು ತೂತಿಗೆ ಹಗ್ಗ ಪೋಣಿಸಿ, ಗೋಡೆಯಲ್ಲಿ ಮೊದಲಿಂದಲೂ ಇದ್ದ ಗೂಟಕ್ಕೆ ತೂಗುಹಾಕಿದೆ. ಬಸ್ಸಿನ ಶೆಡ್ಡಿನಲ್ಲಿ ಬಿಸಾಡಿದ್ದ ಎಂಜಿನ್ನಿನ ಮ್ಯಾಗ್ನೆಟೊ ಬಿಚ್ಚಿ ಅದರೊಳಗಿನ ಎರಡು ಅಯಸ್ಕಾಂತ ತಂದೆ. ತಗಡಿನ ಮೇಲೆ ಚಿತ್ರವಿಟ್ಟು ಅಯಸ್ಕಾಂತ ಒತ್ತಿದರೆ ಸಾಕು, ನಿಲ್ಲುತ್ತಿತ್ತು. ಗಾಳಿ ಬಂದಾಗ ಮಾತ್ರ ತಗಡು ಗೋಡೆಗೆ ಬಡಿಯುತ್ತಿತ್ತು.

ಅಜ್ಜಿ ಬೆರಗಾದಳು. “ಮೊಳೆ ಇಲ್ದೆ ಎಂಗ್ ಕಚ್ಕೊಂಡದೆ ನೋಡವ್ವ! ಮಗೀನೂ ಇಂಗೇ ಕಚ್ಕೊಳ್ಳಿ.” ಮಕ್ಕಳೆಲ್ಲ ಉಳಿದಿದ್ದ ಪಕ್ಕದ ಮನೆಯಿಂದ ಹಳೆಯ ಕುಲಾವಿಯೊಂದನ್ನು ಕೇಳಿ ತಂದಳು. ಹುಟ್ಟಿದ ಕೂಸಿನ ತಲೆಗೆ ಮೊದಲು ಅದನ್ನೇ ತೊಡಿಸಬೇಕಿತ್ತು. ತಗಡಿನ ಮೇಲಿದ್ದ ಚಿತ್ರವನ್ನು ತೆಗೆಸಿ ಅಯಸ್ಕಾಂತದಡಿ ಅದನ್ನು ಸಿಕ್ಕಿಸಿದಳು. ಕೆಂಪು ಕುಲಾವಿ ಎಂದು ನನ್ನ ನೆನಪು. ಅಕ್ಕ ಹಸಿರು ಎನ್ನುತ್ತಾಳೆ. ನೋಡುತ್ತ ಮಲಗಿದ್ದವಳು ಅವಳು.

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಅಳಲಿಲ್ಲ.

ಅಜ್ಜಿ ಕುಲಾವಿಯನ್ನು ವಾಪಸು ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಆ ಮನೆಯಾಕೆ ಜಗಲಿ ಇಳಿಯಲಿಲ್ಲ, ಕೈ ಚಾಚಲಿಲ್ಲ.

“ನಿಮ್ಮಲ್ಲೇ ಇರ್ಲಿ ಬುಡಿ ಅಜ್ಜಿ. ನಮ್ಗೆ ಬ್ಯಾಡ.”

ಎಲ್ಲಿಡುವುದೆಂದು ಅಜ್ಜಿಗೆ ತೋಚಲಿಲ್ಲ. ಅಕ್ಕನೇ ಅದನ್ನು ಇಸಿದುಕೊಂಡು ತಗಡಿನ ಮೇಲೆ ಮತ್ತೆ ಸಿಕ್ಕಿಸಿದಳು.

ಅಕ್ಕನನ್ನು ಕರೆದೊಯ್ಯಲು ಕಿರುಗಾವಲಿನಿಂದ ಗಾಡಿ ಬರಲಿಲ್ಲ. ಭಾವ ಇನ್ನೊಬ್ಬಳಿಗೆ ತಾಳಿ ಕಟ್ಟಿದರೆಂಬ ಸುದ್ದಿ ಬಂತು. ಅಂದು ತಗಡನ್ನು ಇಳಿಸಿಬಿಡೋಣವೆಂದು ಕೋಣೆಗೆ ಹೋದೆ. ಅಕ್ಕ ಎದ್ದು ಕುಳಿತಿದ್ದಳು.

“ತೆಗೀಬ್ಯಾಡ. ಗಾಳಿಗೆ ಬಡ್ಕತದೆ. ಮೊಳೆ ಒಡ್ದು ಸರ್ಯಾಗ್ ನಿಲ್ಸು.”

ನಾನು ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕಡೆ ನೋಡಿದೆ.

“ಅವ್ಳನ್ನೇನ್ ನೋಡ್ತೀಯಲಾ? ಈಗ್ಯಾರವ್ರೆ ಮನೇಲಿ ಬಸ್ರೀರು?”

ಈ ಮಾತನ್ನು ಅಕ್ಕ ಹೀಗೆಯೇ ಆಡಿದಳೋ, ಇಷ್ಟು ವರ್ಷಗಳಲ್ಲಿ ನಾನೇ ತಿದ್ದಿಕೊಂಡೆನೋ ಹೇಳಲಾರೆ. ನಾಲ್ಕು ಮೂಲೆಗೂ ಮೊಳೆ ಹೊಡೆದದ್ದು ನಿಜ. ಅಜ್ಜಿ ತಡೆಯಲಿಲ್ಲ. ಉದುರಿದ ಸುಣ್ಣವನ್ನು ಗುಡಿಸಿಕೊಂಡು ಹೊರಗೆ ಹೋದಳು.