ಹಿಂದಿನ ಚಕ್ರದ ಕಾವಲಿ

ದೋಸೆ ಹುಯ್ಯುವ ಮೊದಲು ಕಾವಲಿ ಕಾದಿದೆಯಾ ಅಂತ ನೀರು ಚಿಮುಕಿಸಿ ನೋಡುತ್ತೇವಲ್ಲ, ಹಾಗೆ ಕಾರಿನ ಚಕ್ರಕ್ಕೆ ನೀರು ಚಿಮುಕಿಸಿದ ಹೆಂಗಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನಮ್ಮತ್ತೆ!

ಆ ನೀರು ಚುಂಯ್ ಅಂದಿದ್ದರಿಂದಲೇ ಇವತ್ತು ಕಾರಿನ ಕೀ ನನ್ನ ಬ್ಯಾಗಿನಲ್ಲಿದೆ. ಇಲ್ಲದಿದ್ದರೆ ನಾನು ಬಸ್‌ಸ್ಟಾಪಿನಲ್ಲಿ ನಿಂತಿರುತ್ತಿದ್ದೆ.

ನಾನು ಮಗ್ಗೆ ಕಡೆಯ ಶಾಲೆಯೊಂದರಲ್ಲಿ ಟೀಚರ್. ನಮ್ಮ ಮನೆ ಇರುವುದು ಗುಡ್ಡದ ನೆತ್ತಿಯಲ್ಲಿ, ಕಾಫಿ ತೋಟದ ನಡುವೆ. ಹೋದ ವರ್ಷ ಡ್ರೈವಿಂಗ್ ಕಲಿತು, ಮನೆಯ ಕಾರಿನಲ್ಲೇ ಹೋಗಿ ಬರತೊಡಗಿದೆ. ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಅತ್ತೆಯನ್ನು ಕೂರಿಸಿಕೊಂಡು ಕೆ. ಹೊಸಕೋಟೆಯಲ್ಲಿರುವ ಅವರ ತಂಗಿ ಮನೆಗೆ. ಮದುವೆಯಿಲ್ಲ, ಸಾವಿಲ್ಲ, ಸುಮ್ಮನೆ ಮಾತಾಡಲು ಅತ್ತೆ ತಂಗಿ ಮನೆಗೆ ಹೋಗಿದ್ದು ಅದೇ ಮೊದಲಂತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮಿಬ್ಬರಿಗೂ ಒಂದೇ ಕಾಲ: ಶನಿವಾರ ಮಧ್ಯಾಹ್ನ.

ಅಷ್ಟರಲ್ಲಿ ಹಿಂದಿನ ಬ್ರೇಕ್ ಪ್ಯಾಡ್ ಸವೆಯಿತು. ಹೊಸದು ಹಾಕಿಸಿದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಅದೂ ಸವೆದು ಕಿರ್ರೋ ಅಂತು. ಸಕಲೇಶಪುರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಚಕ್ರ ಬಿಚ್ಚಿದವನೇ, "ಗಾಡಿ ಯಾರು ಓಡ್ಸೋದು?" ಅಂದ.

"ನಾನು."

"ಹಂಗನ್ನಿ ಮತ್ತೆ" ಅಂದ.

ಕೇಸ್ ಕ್ಲೋಸ್!

ಮನೆಗೆ ಬಂದರೆ ಮಾವನ ಪಾಠ. "ನೀನು ಬ್ರೇಕ್ ಮೇಲೇ ಕಾಲಿಟ್ಕಂಡು ಓಡುಸ್ತೀಯ ಕಣವ್ವಾ. ನಾವು ಜೀಪ್ನಾಗೆ ಮೂಟೆ ಹೇರ್ಕಂಡು ಗೇರಲ್ಲೇ ಘಾಟಿ ಇಳೀತಿದ್ವಿ. ನಾಳೆ ಇಳಿಜಾರಲ್ಲಿ ಬ್ರೇಕ್ ಹಿಡೀದಿದ್ರೆ ಏನ್ ಗತಿ? ಬಸ್ಸೈತಲ್ಲ, ಬಸ್ಸಲ್ಲೇ ಹೋಗು."

"ಅಲ್ಲ ಮಾವ, ನಾನು ಒತ್ತಿದ್ದಾದ್ರೆ ಮುಂದಿನ ಪ್ಯಾಡ್ ಅಲ್ವಾ ಮೊದ್ಲು ಸವೀಬೇಕು? ಅದು ಹೊಸದರ ಹಾಗೇ ಇದೆ!"

ನಮ್ಮನೆಯವರು ಎಂದಿನಂತೆ ಅಡ್ಡಗೋಡೆ ಮೇಲೆ ದೀಪ ಇಟ್ಟರು: "ಇನ್ನೊಂದ್ ಸೆಟ್ ಹಾಕ್ಸಿ ನೋಡಣ." ಅದೂ ಸವೆದರೆ ಕೀ ವಾಪಸ್ ಅಂತ ತೀರ್ಮಾನವಾಯಿತು. (ತೀರ್ಮಾನ ಮಾಡಿದ್ದು ಗಂಡಸರಿಬ್ಬರೇ ಅಂತ ಬೇರೆ ಹೇಳಬೇಕಾ?) ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ಅಳುವೇ ಬಂತು. ಅಡುಗೆಮನೆ ಬಾಗಿಲಲ್ಲಿ ಅತ್ತೆಯ ಮುಖವೂ ಸಪ್ಪಗಾಗಿತ್ತು. ಹೋಗುವುದು ಅವರ ಶನಿವಾರವೂ ತಾನೆ?

ಮುಂದಿನ ಶನಿವಾರ ಹೊಸಕೋಟೆಯಿಂದ ವಾಪಸ್ ಬರುತ್ತಿದ್ದೆವು. ಏರು ಹತ್ತಿ ನಮ್ಮ ತೋಟದ ಗೇಟಿನ ಹತ್ತಿರ ಬರುವಾಗ ಅತ್ತೆ ಮೂಗು ಅರಳಿಸಿದರು.

"ಏನೋ ಸೀದ ವಾಸ್ನೆ ಕಣೇ. ನಿಲ್ಸು."

ನೀರಿನ ಬಾಟಲಿ ಹಿಡಿದು ಇಳಿದರು. ಮುಂದಿನ ಚಕ್ರಗಳಿಗೆ ನೀರು ಚಿಮುಕಿಸಿದರು. ತೆಪ್ಪಗಿದ್ದವು. ಹಿಂದಿನದಕ್ಕೆ ಚಿಮುಕಿಸಿದರು.

ಚುಂಯ್!

"ಬಂದಿದ್ದೆಲ್ಲ ಏರು ತಾನೆ? ಏರು ಹತ್ತೋವಾಗ ಯಾರಾದ್ರೂ ಬ್ರೇಕ್ ಒತ್ತುತಾರೇನೇ? ನಿನ್ ಕಾಲಿಂದು ಏನೂ ತಪ್ಪಿಲ್ಲ, ಬಾ."

ಅಯ್ಯೋ ದೇವರೇ, ಇಷ್ಟು ಸಣ್ಣ ವಿಷಯ ನಮಗ್ಯಾರಿಗೂ ಯಾಕೆ ಹೊಳೆಯಲಿಲ್ಲ? ಆ ಕ್ಷಣ ಅತ್ತೆಯನ್ನು ಅಪ್ಪಿಕೊಂಡುಬಿಟ್ಟೆ.

ಸೋಮವಾರ ಮತ್ತೆ ಗ್ಯಾರೇಜ್. ಈ ಸಲ ಮಾವನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿದ್ದು ಅತ್ತೆಯೇ. ಮೆಕ್ಯಾನಿಕ್ ಈ ಬಾರಿ ಪ್ರಶ್ನೆ ಕೇಳುವ ಮೊದಲು ಕಾರಿನ ಕೆಳಗೆ ನುಗ್ಗಿದ.

"ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡ್ದು ಜಾಮ್ ಆಗ್ಬುಟ್ಟೈತೆ ಮೇಡಂ. ನೀವು ಲಿವರ್ ಇಳ್ಸಿದ್ರೂ ಪ್ಯಾಡು ಹಿಂದಿನ ಚಕ್ರನ ಬಿಡ್ತಿಲ್ಲ. ಮಳೇಲಿ ಹಿಂಗೆ ಬಿಗಿಯಾಗಿ ಎಳ್ದು ದಿನಾ ರಾತ್ರಿಯೆಲ್ಲ ನಿಲ್ಸಿದ್ರೆ ಇನ್ನೇನಾಗ್ತದೆ? ಇಷ್ಟು ಜೋರಾಗಿ ಎಳ್ದಿರೋದು ಯಾರು?"

ನಾನಂತೂ ಅಲ್ಲ. ಮಾವ ಎದುರಿನ ಟೈರ್ ಅಂಗಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಆಮೇಲೆ ಮೆಲ್ಲಗೆ, "ಮನೆ ಮುಂದೆ ಇಳಿಜಾರಲ್ವೇನೋ ಮಾರಾಯ... ಇವ್ಳು ಸರಿಯಾಗಿ ಎಳ್ದಿರಲ್ಲ ಅಂತ ಸಂಜೆ ಹೋಗಿ ಇನ್ನೊಂದ್ಸಲ ಜಗ್ಗಿ ಬರ್ತಿದ್ದೆ" ಅಂದರು.

ದಿನಾ ಸಂಜೆ. ಎರಡೂ ಕೈಯಲ್ಲಿ!

ಸಿಟ್ಟು ಬಂತಾ? ಬಾರದೆ ಇರುತ್ತಾ? ಆದರೆ ಮರುಕ್ಷಣ ನಗು ಬಂತು. ಪಾಪ, ಮನುಷ್ಯ ಎಳೆದಿದ್ದು ದ್ವೇಷಕ್ಕಲ್ಲ, ಭಯಕ್ಕೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ದಾರಿಗೆ ಬಿದ್ದಿರುವ ಬ್ರೇಕುಗಳಲ್ಲಿ ಅರ್ಧಕ್ಕರ್ಧ ಹೀಗೆ ಕಾಳಜಿಯಿಂದ ಎಳೆದವೇ. ಎಳೆದವರಿಗೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ. ಬೆಳಿಗ್ಗೆ ಹೊರಟವಳು ಆಕ್ಸಿಲರೇಟರ್ ಒತ್ತಿ ಒತ್ತಿ, ಗಾಡಿ ಯಾಕೆ ಮುಂದೆ ಹೋಗುತ್ತಿಲ್ಲ ಅಂತ ತನ್ನನ್ನೇ ಬೈದುಕೊಳ್ಳುತ್ತಾಳೆ.

ಕೇಬಲ್ ಹೊಸದು ಬಿತ್ತು. ಈಗ ಮನೆ ಮುಂದೆ ಕಾರು ಗೇರಿನಲ್ಲಿ ನಿಲ್ಲುತ್ತದೆ, ಚಕ್ರಕ್ಕೆ ಒಂದು ಕಲ್ಲು. ಕಾರು ಎಲ್ಲಿ ನಿಂತರೂ ಕಲ್ಲಿನ ಉಸ್ತುವಾರಿ ಮಾವನದು. ಬೆಳಿಗ್ಗೆ ನಾನು ಟಿಫನ್ ಡಬ್ಬಿ ಹಿಡಿದು ಬರುವಷ್ಟರಲ್ಲಿ, "ಕಲ್ಲು ತೆಗ್ದಿದೀನಿ ಕಣವ್ವಾ, ಹೊರಡು" ಅನ್ನುತ್ತಾರೆ. ಮದುವೆಯಾದಾಗಿನಿಂದ ಅವರ ಬಾಯಲ್ಲಿ "ಹೊರಡು" ಅನ್ನುವ ಮಾತು ಕೇಳಿರಲಿಲ್ಲ. ಕಿವಿಗೆ ಎಷ್ಟು ಹಿತ ಗೊತ್ತಾ?

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಮೊನ್ನೆ ಭಾನುವಾರ, ಕಾಫಿ ಒಣಗಿಸುವ ಕಣ ಖಾಲಿ ಇತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂತರು! ನಾನು ಪಕ್ಕದಲ್ಲಿ. ಕ್ಲಚ್ ಬಿಟ್ಟರು. ಕಾರು ಗುರ್ ಅಂತು, ಕದಲಲಿಲ್ಲ. ಕಣದ ಅಂಚಿನಲ್ಲಿ ಮಾವ ಎರಡೂ ಕೈ ಎತ್ತಿ ಕೂಗುತ್ತಿದ್ದರು: "ಬ್ರೇಕ್ ಒತ್ತೇ! ಬ್ರೇಕು, ಬ್ರೇಕು!"

ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು.

"ಬ್ರೇಕ್ ಆಮೇಲೆ ಒತ್ತುತೀನಿ ಕಣ್ರೀ, ಮೊದ್ಲು ಆ ಕಲ್ಲು ತೆಗೀರಿ!"