ಅತ್ತೆ ತುಂಬಿಟ್ಟ ನೀರು

ವಿಶ್ವವಿದ್ಯಾಲಯದಲ್ಲಿ ಭೌತರಸಾಯನಶಾಸ್ತ್ರ ಕಲಿಸಲು ಬಂದ ಮೇಲೆ ಎಲ್ಲರೂ ನನ್ನನ್ನು ಕೇಳುವುದು ಒಂದೇ ಮಾತು, ಪಿಎಚ್.ಡಿ. ಯಾಕಿಷ್ಟು ತಡವಾಯಿತು ಎಂದು. ಮನೆ, ಸಂಸಾರ, ಕಾಲೇಜಿನ ನೌಕರಿ ಎಂದು ಏನೋ ಒಂದು ಹೇಳಿ ಸಾಗಹಾಕುತ್ತೇನೆ. ನಿಜ ಹೇಳಿದರೆ ನಗುತ್ತಾರೆ, ಆ ನಗು ನನ್ನಿಂದ ಸಹಿಸಲಾಗದು. ಈ ಪದವಿ ನನಗೆ ದಕ್ಕಿದ್ದು ಎರಡನೇ ಸಲಕ್ಕೆ. ಮೊದಲನೆಯದು ಬಸವಕಲ್ಯಾಣದ ನಮ್ಮ ಅಡುಗೆಮನೆಯಲ್ಲೇ ಸತ್ತಿತು.

ತೊಂಬತ್ತರ ದಶಕದ ನಡುವೆ ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಗಂಡನಿಗೆ ಬೇರೆ ಊರಲ್ಲಿ ನೌಕರಿ. ಬಸವಕಲ್ಯಾಣದ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಪಾಠ ಮುಗಿದ ಮೇಲೆ ಕಾಲೇಜಿನ ಪ್ರಯೋಗಾಲಯದಲ್ಲೇ ನನ್ನ ಸಂಶೋಧನೆ. ವಿಷಯ ಕೇಳಲು ಸರಳ: ನೀರಿನಲ್ಲಿ ಕರಗಿಸಿದ ವಿಟಮಿನ್ ಸಿ ಗಾಳಿ ತಾಗಿ ಎಷ್ಟು ಬೇಗ ಕೆಡುತ್ತದೆ ಎಂದು ಅಳೆಯುವುದು. ಅದಕ್ಕೆ ಅತಿ ಶುದ್ಧವಾದ ನೀರು ಬೇಕು. ನಮ್ಮ ಓಣಿಯ ಬೋರಿನ ನೀರಿನಲ್ಲಿ ಬೇಳೆಯೇ ಬೇಯುತ್ತಿರಲಿಲ್ಲ, ಇನ್ನು ನನ್ನ ರಸಾಯನಶಾಸ್ತ್ರ ಬೇಯುವುದೆಲ್ಲಿ. ಬಟ್ಟಿ ಇಳಿಸಲೇಬೇಕಿತ್ತು. ಕಾಲೇಜಿನಲ್ಲಿ ಹಗಲು ಕರೆಂಟಿನ ಭರವಸೆ ಇಲ್ಲದ್ದರಿಂದ ಗೈಡ್ ಕೊಟ್ಟ ಗಾಜಿನ ಉಪಕರಣವನ್ನು ಮನೆಗೇ ತಂದು ಸೀಮೆಎಣ್ಣೆ ಸ್ಟೋವಿನ ಮೇಲೆ ಹೂಡಿದೆ.

ಅತ್ತೆಗೆ ಮೊದಮೊದಲು ಅದನ್ನು ಕಂಡರಾಗುತ್ತಿರಲಿಲ್ಲ. ನಿಮ್ಮ ಸೊಸೆ ಮನೆಯಲ್ಲೇ ಭಟ್ಟಿ ಸೆರೆ ಕಾಸುತ್ತಾಳೇನು ಎಂದು ಓಣಿಯವರು ಚೇಷ್ಟೆ ಮಾಡಿದಾಗ ನನ್ನ ಜೊತೆ ಮಾತೇ ಬಿಟ್ಟಿದ್ದರು. ಆಮೇಲೆ ಉಗಿ ತಣ್ಣಗಾಗಿ ಹನಿ ಹನಿ ಬೀಳುವುದನ್ನು ಕೂತು ನೋಡುತ್ತ ನೋಡುತ್ತ ಅದು ಅವರದೇ ಕೆಲಸವಾಯಿತು. ನಾನು ಕಾಲೇಜಿಗೆ ಹೋದ ಮೇಲೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ನಂತರವೇ ಸ್ಟೋವ್ ಹಚ್ಚುತ್ತಿದ್ದರು. ಮಾರನೆಯ ಮುಂಜಾನೆ ತುಂಬಿದ ಪ್ಲಾಸ್ಟಿಕ್ ಕ್ಯಾನು ಬಾಗಿಲ ಬಳಿ ಇರುತ್ತಿತ್ತು. ಇಂಥ ಅತ್ತೆ ಯಾರಿಗೆ ಸಿಗುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿದ್ದೂ ಉಂಟು.

ಆದರೆ ಅಂಕಿಗಳು ಕೂಡಿ ಬರಲೊಲ್ಲವು. ಇವತ್ತು ಸಿಕ್ಕ ವೇಗ ನಾಳೆ ಸಿಗುವುದಿಲ್ಲ. ವಿಟಮಿನ್ ಪುಡಿ ಸರಿಯಿಲ್ಲ, ಗಡಿಯಾರ ಸರಿಯಿಲ್ಲ ಎಂದರೆ ಗೈಡ್ ನಗುತ್ತ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತಿದ್ದರು. ವರ್ಷಗಳು ಹೀಗೇ ಕಳೆದವು. ಕೊಟ್ಟ ಅವಧಿ ಮುಗಿಯಿತು, ಹೆಚ್ಚಿಗೆ ಕೊಟ್ಟ ಅವಧಿಯೂ ಮುಗಿಯುತ್ತ ಬಂತು. ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು, ವಿಶ್ವವಿದ್ಯಾಲಯದ ನೌಕರಿಯ ಆಸೆಯೂ ಅದರೊಂದಿಗೇ ಹೋದಂತೆ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅಳುತ್ತಿದ್ದೆ. ಒಮ್ಮೆ ಪಕ್ಕದ ಹೆಂಗಸು ಯಾರು ತೀರಿಹೋದರೆಂದು ಕೇಳಿದಳು. ಯಾರೂ ಇಲ್ಲ ಎಂದು ರೇಗಿದೆ.

ಆ ಬೇಸಿಗೆಯಲ್ಲಿ ಅತ್ತೆ ತಂಗಿಯ ಮನೆಯ ಮದುವೆಗೆಂದು ಮಂಠಾಳಕ್ಕೆ ಹೋದರು. ಅಷ್ಟು ದಿನ ನೀರನ್ನು ನಾನೇ ಇಳಿಸಿ ಕ್ಯಾನಿಗೆ ಹಾಕಿಕೊಂಡೆ. ಪ್ರಯೋಗದಲ್ಲಿ ಕ್ರಿಯೆಯೇ ನಿಂತುಹೋಯಿತು. ವಿಟಮಿನ್ ಸಿ ಕೆಡಲೇ ಇಲ್ಲ, ಇದ್ದಲ್ಲೇ ಇದ್ದಂತೆ. ನನ್ನ ಹಣೆಬರಹವೇ ಇಷ್ಟು ಎಂದುಕೊಂಡೆ. ಅತ್ತೆ ಬಂದರು, ವೇಗವೂ ಬಂತು. ಆಗ ಎದೆಯಲ್ಲಿ ಒಂದು ಸಂಶಯ ಹುಟ್ಟಿತು.

ಮರುದಿನ ಬೇಗ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅತ್ತೆ ಕ್ಯಾನಿಗೆ ನೀರು ಬಗ್ಗಿಸುತ್ತಿದ್ದರು, ಕೈಯಲ್ಲಿ ಪೂಜೆಯ ತಾಮ್ರದ ಕೊಡ. ನನ್ನನ್ನು ಕಂಡು ಅವರಿಗೆ ಖುಷಿಯಾಯಿತು.

"ಆ ಗಾಜಿನ ಬುಡ್ಡಿ ಸಣ್ಣದದ ಯವ್ವಾ, ಲಗೂನ ತುಂಬತದ. ಅದಕ್ಕ ಇದರಾಗ ಹಾಕಿಡ್ತೀನಿ. ಇಷ್ಟು ಶುದ್ಧ ನೀರಿಗಿ ತಾಮ್ರದ ಕೊಡಾನೇ ಬರೋಬರಿ. ದಿನಾ ಹುಣಚಿಹಣ್ಣು ಹಚ್ಚಿ ತಿಕ್ಕತೀನಿ."

ವಿಟಮಿನ್ ಸಿ ಬೇಗ ಕೆಡಬೇಕಾದರೆ ತಾಮ್ರದ ಲವಲೇಶ ಸಾಕು ಎಂದು ನಾನೇ ತರಗತಿಯಲ್ಲಿ ಹೇಳುತ್ತಿದ್ದವಳು. ಇಷ್ಟು ವರ್ಷ ನಾನು ಅಳೆದದ್ದು ಆ ಕೊಡವನ್ನು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು ನನ್ನ ಬಾಳು. ಎಂಥ ಸಿಟ್ಟು ಬಂತೆಂದರೆ ಆ ಕೊಡ ಕಸಿದು ಅಂಗಳಕ್ಕೆ ಎಸೆಯಬೇಕೆನಿಸಿತು. ಬಾಯಿಯನ್ನೂ ತೆರೆದಿದ್ದೆ. ಹುಣಸೆಹಣ್ಣು ತಿಕ್ಕಿ ತಿಕ್ಕಿ ಅವರ ಬೆರಳ ಸಂದಿಗಳು ಬಿರುಕು ಬಿಟ್ಟಿದ್ದವು. ಅದು ಕಣ್ಣಿಗೆ ಬಿತ್ತು. ಹೋಗಿ ಮುಖ ತೊಳೆದೆ.

ಗೈಡಿಗೆ ಹೇಳಿದೆ. ಈ ಸಲ ಅವರು ನಗಲಿಲ್ಲ. ದಿನದಿನದ ನೀರಿನಲ್ಲಿ ತಾಮ್ರ ಎಷ್ಟಿತ್ತೆಂದು ಗೊತ್ತಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಎಲ್ಲವನ್ನೂ ಬಿಟ್ಟು ಮೊದಲಿನಿಂದ ಶುರು ಮಾಡಬೇಕು ಎಂದರು. ಮಳೆಗಾಲ ಮಾತ್ರ ನನಗಾಗಿ ಕಾಯಬೇಕಲ್ಲ.

ಮನೆಗೆ ಬಂದು ಅತ್ತೆಗೆ ಸುಳ್ಳು ಹೇಳಿದೆ: ಇನ್ನು ಮೇಲೆ ನೀರನ್ನು ನನ್ನ ಕೈಯಿಂದಲೇ ಇಳಿಸಬೇಕಂತೆ, ಗೈಡಿನ ಕಟ್ಟಪ್ಪಣೆ. ಅವರ ಮುಖ ಸಣ್ಣದಾಯಿತು. ಕಾಲೇಜಿನಿಂದ ಬಂದು ಸ್ಟೋವ್ ಹಚ್ಚುತ್ತಿದ್ದೆ. ಅತ್ತೆ ಹೊಸ್ತಿಲಾಚೆ ಕೂತು ನೋಡುತ್ತಿದ್ದರು, ಮುಟ್ಟುತ್ತಿರಲಿಲ್ಲ. ತಾಮ್ರವಿಲ್ಲದ ನೀರಿನಲ್ಲಿ ಪ್ರಯೋಗ ಆಮೆಯ ಹಾಗೆ ತೆವಳಿತು. ಹುಚ್ಚಿಯ ಹಾಗೆ ದುಡಿದೆ. ಆಗಲಿಲ್ಲ. ಮಳೆಗಾಲ ಮುಗಿಯಿತು, ನೋಂದಣಿ ರದ್ದಾಯಿತು.

ಅಂದು ಸಂಜೆ ಉಣ್ಣದೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಬದುಕೇ ಬೇಡವೆನಿಸಿತ್ತು. ಅತ್ತೆ ಬಂದು ಪಕ್ಕದಲ್ಲಿ ಕೂತರು. ಬೆನ್ನ ಮೇಲೆ ಕೈಯಿಟ್ಟು ಕೇಳಿದರು.

"ನೀರು ಕಮ್ಮಿ ಬಿತ್ತೇನವ್ವಾ? ನನಗ ಮಾಡ್ಲಿಕ್ಕಿ ಬಿಟ್ಟಿದ್ರ ಹೀಂಗ ಆಗ್ತಿದ್ದಿಲ್ಲ."

ನಾನು ಗೋಡೆಯ ಕಡೆಯಿಂದ ತಿರುಗಲಿಲ್ಲ.

"ಹೌದ್ರಿ ಅತ್ತಿ," ಎಂದೆ. "ನೀರೇ ಕಮ್ಮಿ ಬಿತ್ತು."

ಮರುದಿನ ಮುಂಜಾನೆ ಎದ್ದಾಗ ಸ್ಟೋವ್ ಹೊತ್ತಿತ್ತು. ತಿಕ್ಕಿ ಬೆಳಗಿದ ತಾಮ್ರದ ಕೊಡ ಮಗ್ಗುಲಲ್ಲಿತ್ತು, ತುಂಬಿದ ಕ್ಯಾನು ಬಾಗಿಲ ಬಳಿ ಇತ್ತು. ಇನ್ನು ಆ ನೀರು ಯಾವ ಕೆಲಸಕ್ಕೂ ಬೇಕಿರಲಿಲ್ಲ. ನಾನು ಕ್ಯಾನು ಎತ್ತಿಕೊಂಡು ಹುಮನಾಬಾದಿನ ಬಸ್ಸು ಹತ್ತಿದೆ.